ಹೊಟ್ಟೆಯೊಳಗೆ ಏನೋ ಇದೆ

ನನ್ನ ಅಕ್ಕ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ವಿಜಯನಗರ, ಮೂಡಲಪಾಳ್ಯ, ಚಂದ್ರಾ ಲೇಔಟ್ ಕಡೆಯಿಂದ ಬರುವ ಅವಳ ಶಿಷ್ಯೆಯರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಗಂಡ ಪಕ್ಕದಲ್ಲಿ ಕೂತು ಬೈದು ಬೈದು ಇದ್ದ ಧೈರ್ಯವನ್ನೂ ಕಳೆದುಬಿಟ್ಟ ಎಂದು ಹೇಳಿಕೊಂಡು ಬರುವವರು. ಅಕ್ಕ ಬೈಯುವುದಿಲ್ಲ. ಎಡಗಡೆಯ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯೂ ಇರುವ ಬ್ರೇಕಿನ ಮೇಲೆ ಪಾದವನ್ನು ಹಗುರವಾಗಿ ಇಟ್ಟುಕೊಂಡು, ಒಂದೇ ದನಿಯಲ್ಲಿ ಹೇಳುತ್ತಾ ಹೋಗುತ್ತಾಳೆ. ಆ ದನಿ ಒಂದು ಬೆಳಿಗ್ಗೆ ನಿಂತುಹೋಯಿತು.

ಶ್ರೀಗಂಧದ ಕಾವಲಿನ ಆಚೆ, ಸೈಟುಗಳಿಗೆ ಕಲ್ಲು ನೆಟ್ಟಿದ್ದರೂ ಮನೆಗಳು ಏಳದ ಒಂದು ರಸ್ತೆಯಲ್ಲಿ ರಿವರ್ಸ್ ಹೇಳಿಕೊಡುತ್ತಿದ್ದಳಂತೆ. ಸ್ಟೀರಿಂಗ್ ಹಿಡಿದಿದ್ದ ಹೆಂಗಸು ಹಿಂದಕ್ಕೆ ನೋಡುತ್ತಾ ಹೋಗಿ, ಮುಂದಿನ ಮಾತು ಬರಲಿಲ್ಲವಲ್ಲ ಎಂದು ತಿರುಗಿದರೆ ಅಕ್ಕನ ತಲೆ ಕಿಟಕಿಗೆ ಒರಗಿತ್ತು; ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಎರಡನೇ ಗೇರು ದಾಟಿ ಎಂದೂ ಓಡಿಸಿರದ ಅವರು, ಅಕ್ಕನನ್ನು ಹಾಗೆಯೇ ಕೂರಿಸಿಕೊಂಡು ಮಾಗಡಿ ರಸ್ತೆಗೆ ಕಾರು ತಂದು, ಹಿಂದಿನವರ ಹಾರ್ನಿಗೆಲ್ಲ ಕಿವುಡಾಗಿ, ಒಂದು ನರ್ಸಿಂಗ್ ಹೋಮಿನ ಗೇಟಿನಲ್ಲಿ ನಿಲ್ಲಿಸಿದ್ದರು. ನಾನು ಆಟೋದಲ್ಲಿ ತಲುಪಿದಾಗ ಅವರು ಕಾರಿನ ಪಕ್ಕ ನಿಂತು ಅಳುತ್ತಿದ್ದರು. ಅಕ್ಕ ಒಳಗೆ ಮಂಚದ ಮೇಲೆ ಎದ್ದು ಕೂತು, ಪಾಪ ಪೂರ್ತಿ ದಾರಿ ಫಸ್ಟ್ ಗೇರಿನಲ್ಲೇ ತಂದಳು, ಕ್ಲಚ್ ಏನಾಯಿತೋ ಎಂದು ಗೊಣಗುತ್ತಿದ್ದಳು.

ನಮ್ಮಿಬ್ಬರ ವಿಷಯವನ್ನೂ ಹೇಳಿಬಿಡುತ್ತೇನೆ. ಅಕ್ಕ ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಬಸವೇಶ್ವರನಗರದ ಅವಳ ಮನೆಗೆ ಬಂದು ಸೇರಿಕೊಂಡೆ. ಅವಳಿಗೆ ಐವತ್ತೆಂಟು, ನಾನು ಮೂರು ವರ್ಷಕ್ಕೆ ಚಿಕ್ಕವಳು. ರಾಜಾಜಿನಗರದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಒಂದು ವಾಕ್ಯ ಎರಡು ಅರ್ಥ ಕೊಟ್ಟರೆ ಅಂಚಿನಲ್ಲಿ ಪ್ರಶ್ನೆ ಹಾಕಿ ಬರೆದವರಿಗೆ ವಾಪಸು ಕಳಿಸುತ್ತೇನೆ. ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ನನ್ನ ಕೈಗೆ ಬಂದ ವಾಕ್ಯಗಳಲ್ಲಿ ಯಾವುದನ್ನೂ ಹಾಗೆ ವಾಪಸು ಕಳಿಸುವಂತಿರಲಿಲ್ಲ.

ರಕ್ತ ಅರ್ಧಕ್ಕರ್ಧ ಇಳಿದಿದೆ ಎಂದರು. ಮಲ ಕಪ್ಪಗೆ ಹೋಗುತ್ತಿತ್ತೇ ಎಂದು ಡಾಕ್ಟರು ಕೇಳಿದಾಗ ಅಕ್ಕ ಗೋಡೆ ನೋಡುತ್ತಾ ಹೌದು ಎಂದಳು. ಎಷ್ಟು ದಿನದಿಂದ ಎಂದರೆ, ಅದನ್ನೆಲ್ಲ ಯಾರು ನೋಡ್ತಾರೆ ಅಂದಳು. ರಾಜಾಜಿನಗರದ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿಕೊಟ್ಟರು. ಅಲ್ಲಿ ರಕ್ತ ಏರಿಸಿ, ಮೂರನೇ ದಿನ ಗಂಟಲಿನಿಂದ ಕ್ಯಾಮರಾ ಇಳಿಸಿ ನೋಡಿದರು.

ಎಂಡೋಸ್ಕೋಪಿ ಮಾಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಒದ್ದೆಯಾದ ಗುಲಾಬಿ ಬಣ್ಣದ ಗೋಡೆ, ಅದರಲ್ಲಿ ಒಂದು ಕಡೆ ನಯವಾದ ಉಬ್ಬು. ಕಂಬಳಿಯ ಕೆಳಗೆ ಯಾರೋ ಕಿತ್ತಳೆ ಹಣ್ಣು ಬಚ್ಚಿಟ್ಟಂತಿತ್ತು. ಉಬ್ಬಿನ ನೆತ್ತಿಯಲ್ಲಿ ಸಣ್ಣದೊಂದು ಗುಳಿ, ರಕ್ತ ಒಸರುತ್ತಿದ್ದದ್ದು ಅಲ್ಲಿಂದ. ಏನಿದು ಎಂದು ಕೇಳಿದೆ. ಗಂಟು ಎಂದರು. ಯಾವ ಗಂಟು ಎಂದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ಬರಲಿ ಎಂದರು.

ವಾರದ ಕೊನೆಗೆ ರಿಪೋರ್ಟು ಬಂತು. ನಾನೇ ತಂದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಕ್ಯಾನ್ಸರಿನ ಕಣಗಳು ಕಂಡುಬಂದಿಲ್ಲ, ಒಳಪೊರೆಯಲ್ಲಿ ಸ್ವಲ್ಪ ಉರಿಯೂತ ಎಂದಷ್ಟೇ ಇತ್ತು. ಅಕ್ಕನಿಗೆ ಫೋನು ಮಾಡಿದೆ, ಕೆಂಗೇರಿಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ ತಮ್ಮನಿಗೆ ಫೋನು ಮಾಡಿದೆ. ಸಂಜೆ ಮೂವರೂ ಸೇರಿ ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದೆವು. ಖಾರದ ಚಟ್ನಿ ಬೇಡವೆಂದರೂ ಅಕ್ಕ ಹಾಕಿಸಿಕೊಂಡಳು.

ಮಾರನೆಯ ದಿನ ಆ ಚಿಕ್ಕ ಡಾಕ್ಟರು ರಿಪೋರ್ಟು ನೋಡಿ ನಗಲಿಲ್ಲ. ಗಂಟು ಇರುವುದು ಒಳಪೊರೆಯಲ್ಲಿ ಅಲ್ಲ, ಅದರ ಕೆಳಗಿನ ಗೋಡೆಯಲ್ಲಿ. ನಮ್ಮ ಚಿಮುಟಕ್ಕೆ ಸಿಗುವುದು ಮೇಲಿನ ಪೊರೆ ಮಾತ್ರ ಎಂದು ವಿವರಿಸಿದರು. "ಚಾಪೆ ಕೆಳಗೆ ಏನಿದೆ ಅಂತ ಚಾಪೆ ಚಿವುಟಿ ನೋಡಿದ ಹಾಗೆ ಆಂಟಿ. ಚಾಪೆ ಚೆನ್ನಾಗಿದೆ ಅಂತ ಬಂದಿದೆ, ಅಷ್ಟೇ."



ಸಿಟಿ ಸ್ಕ್ಯಾನ್ ಮಾಡಿಸಿದೆವು. ಅದರ ರಿಪೋರ್ಟು ಎರಡು ಪುಟ. ನನಗೆ ಅರ್ಥವಾದದ್ದು ಇಷ್ಟು: ಗಂಟು ಹೊಟ್ಟೆಯ ಗೋಡೆಯಿಂದಲೇ ಹುಟ್ಟಿರಬಹುದು. ಮೇದೋಜೀರಕದಿಂದ ಬೆಳೆದು ಹೊಟ್ಟೆಗೆ ಅಂಟಿಕೊಂಡಿರುವ ಸಾಧ್ಯತೆಯೂ ಇದೆ. ಸುತ್ತ ಕೆಲವು ಗ್ರಂಥಿಗಳು ಊದಿಕೊಂಡಿರುವುದರಿಂದ ಲಿಂಫೋಮಾ, ಅಂದರೆ ಆ ಗ್ರಂಥಿಗಳದೇ ಕ್ಯಾನ್ಸರ್, ಇಲ್ಲವೆಂದು ಹೇಳಲಾಗದು. ಇರಬಹುದು, ಸಾಧ್ಯತೆಯಿದೆ, ಹೇಳಲಾಗದು. ಅಚ್ಚುಕೂಟದಲ್ಲಾಗಿದ್ದರೆ ಇಡೀ ಪುಟವನ್ನು ಕೆಂಪು ಶಾಯಿಯಲ್ಲಿ ಮುಳುಗಿಸುತ್ತಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ತಾನೂ ಓದಿ, ಇದನ್ನು ಬರೆದವನು ಯಾವ ಸರ್ಕಲ್ಲಿನಲ್ಲೂ ಇಂಡಿಕೇಟರ್ ಹಾಕದವನು ಎಂದಳು.

ನಮ್ಮನ್ನು ಸರ್ಜನ್ ಬಳಿ ಕಳಿಸಿದರು. ಅವರು ಅರವತ್ತರ ಆಸುಪಾಸಿನವರು, ನಿಧಾನವಾಗಿ ಮಾತಾಡುವವರು. ಕಾಗದದ ಹಿಂಬದಿಯಲ್ಲಿ ಒಂದು ಹೊಟ್ಟೆ ಬರೆದು ತೋರಿಸಿದರು. ಹೊಟ್ಟೆಗೆ ಸಾಮಾನ್ಯವಾಗಿ ಬರುವ ಕ್ಯಾನ್ಸರ್ ಆಗಿದ್ದರೆ ಮೊದಲು ಔಷಧಿ, ಆಮೇಲೆ ಹೊಟ್ಟೆಯ ದೊಡ್ಡ ಭಾಗವನ್ನೇ ತೆಗೆಯಬೇಕು, ಕೆಲವೊಮ್ಮೆ ಪೂರ್ತಿಯಾಗಿ. ಗೋಡೆಯ ಮಾಂಸಖಂಡದ ಜಾತಿಯ ಗಂಟಾಗಿದ್ದರೆ ಅದನ್ನಷ್ಟೇ ಸುತ್ತಲಿನ ಸ್ವಲ್ಪ ಗೋಡೆಯೊಂದಿಗೆ ಕತ್ತರಿಸಿದರೆ ಸಾಕು. ಲಿಂಫೋಮಾ ಆಗಿದ್ದರೆ ಕತ್ತಿ ಹಿಡಿಯುವುದೇ ತಪ್ಪು. ಅದಕ್ಕೆ ಔಷಧಿಯೊಂದೇ ದಾರಿ. ನಾನು ಹೊಟ್ಟೆಯ ಚಿತ್ರವನ್ನೇ ನೋಡುತ್ತಿದ್ದೆ. ಒಂದೇ ಗಂಟಿಗೆ ಮೂರು ದಾರಿ, ಮೂರೂ ಒಂದಕ್ಕೊಂದು ತದ್ವಿರುದ್ಧ.

ತಮ್ಮನಿಗೆ ಇದು ಸಮಾಧಾನವಾಗಲಿಲ್ಲ. ಅಂಗಡಿಗೆ ಟೈಲ್ಸ್ ತಂದುಕೊಡುವ ಯಾರದೋ ಪರಿಚಯದಿಂದ ಊರಿನ ಆ ತುದಿಯ ಇನ್ನೊಂದು ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಕೇಳಲು ಕರೆದುಕೊಂಡು ಹೋದ. ಅಲ್ಲಿಯವರು ಎಲ್ಲವನ್ನೂ ನೋಡಿ ತಮಗೆ ಲಿಂಫೋಮಾ ಎಂದೇ ಅನಿಸುತ್ತದೆ, ಆದರೆ ಚೂರು ಸಿಗದೆ ಔಷಧಿ ಶುರು ಮಾಡಲಾಗದು ಎಂದರು. ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ತಮ್ಮ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಲೇ ಇದ್ದ. ಅಕ್ಕ ಎರಡು ಸಲ ಅವನಿಗೆ ಲೇನ್ ಬದಲಿಸು ಎಂದಳು.

ಮುಂದೆ ಸೂಜಿ ಹಾಕಿ ಗಂಟಿನ ಒಳಗಿನಿಂದಲೇ ಚೂರು ತೆಗೆಯುವ ಪರೀಕ್ಷೆ. ಕ್ಯಾಮರಾದ ತುದಿಯಲ್ಲೇ ಸ್ಕ್ಯಾನ್ ಇರುತ್ತದಂತೆ, ಅದರಲ್ಲಿ ನೋಡಿಕೊಂಡು ಸೂಜಿ ಚುಚ್ಚುತ್ತಾರೆ. ಈ ಸಲ ತಪ್ಪಿಸಿಕೊಳ್ಳಲಾರದು ಎಂದು ನಾನು ಅಂದುಕೊಂಡೆ. ಬಂದದ್ದು ಬಹಳಷ್ಟು ರಕ್ತ, ನೂಲುವ ಕದಿರಿನ ಹಾಗೆ ಎರಡೂ ತುದಿ ಚೂಪಾದ ನಾಲ್ಕಾರು ಕಣಗಳು, ಹೆಸರು ಹೇಳಲು ಸಾಲದಷ್ಟು ಎಂಬ ಷರಾ. ಇನ್ನೊಮ್ಮೆ ಚುಚ್ಚಿದರು. ಎರಡನೇ ಸಲವೂ ಹೆಚ್ಚುಕಡಿಮೆ ಅದೇ; ಗಂಟು ಮೇದೋಜೀರಕದ್ದಲ್ಲ ಎಂಬುದೊಂದೇ ಖಚಿತವಾಯಿತು.

ಆ ದಿನಗಳಲ್ಲಿ ನನಗೆ ಎಲ್ಲಿಯೂ ಕೂರಲಾಗುತ್ತಿರಲಿಲ್ಲ. ಅಚ್ಚುಕೂಟದಲ್ಲಿ ಒಂದು ಪುಟ ಓದುವಷ್ಟರಲ್ಲಿ ಎರಡು ಸಲ ಎದ್ದು ನೀರು ಕುಡಿಯುತ್ತಿದ್ದೆ. ಐದನೇ ತರಗತಿಯ ಪಾಠವೊಂದರಲ್ಲಿ ಎದ್ದು ಕಾಣುವ ತಪ್ಪನ್ನು ಬಿಟ್ಟು, ಮಾಲೀಕರಿಂದ ಮೊದಲ ಸಲ ಮಾತು ಕೇಳಿಸಿಕೊಂಡೆ. ಸಾಮಾನು ತರಲು ವಿಜಯನಗರಕ್ಕೆಂದು ಮೆಟ್ರೋ ಹತ್ತಿ ಅತ್ತಿಗುಪ್ಪೆ ದಾಟಿಯೂ ಕೂತಿದ್ದು, ಮೈಸೂರು ರಸ್ತೆಯಲ್ಲಿ ಇಳಿದು ವಾಪಸು ಬಂದೆ. ಮನೆಯಲ್ಲಿ ಫೋನಿನಲ್ಲಿ ಹುಡುಕಿ ಹುಡುಕಿ ಓದುತ್ತಿದ್ದೆ. ಓದಿದಷ್ಟೂ ಗಂಟಿನ ಜಾತಿಗಳು ಹೆಚ್ಚುತ್ತಾ ಹೋದವು. ಪಕ್ಕದ ಮನೆಯವರು ಕೇಳಿದಾಗ ಅಲ್ಸರ್ ಎಂದೆ. ತಮ್ಮನ ಹೆಂಡತಿ ಅವರ ಊರಿನಲ್ಲಿ ಒಬ್ಬರು ಸೊಪ್ಪಿನ ರಸ ಕೊಡುತ್ತಾರೆ, ಯಾವ ಗಂಟಾದರೂ ಕರಗುತ್ತದೆ ಎಂದಾಗ, ಯಾವ ಗಂಟು ಎಂದು ನಮಗೇ ಗೊತ್ತಿಲ್ಲದಿರುವಾಗ ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದು ರೇಗಿಬಿಟ್ಟೆ. ಪಾಪ, ಅವಳು ಒಳ್ಳೆಯದಕ್ಕೇ ಹೇಳಿದ್ದು.

ಅಕ್ಕ ಮಾತ್ರ ಕ್ಲಾಸು ಬಿಡಲಿಲ್ಲ. ಓಡಾಡಬೇಡಿ, ಮತ್ತೆ ರಕ್ತ ಹೋದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರೂ ರಕ್ತ ಏರಿಸಿದ ಕೆಲವೇ ದಿನಕ್ಕೆ ಕಾರಿನ ಕೀ ತೆಗೆದುಕೊಂಡಳು. ನಾನು ಓಡಿಸೋಲ್ಲವಲ್ಲ, ಕೂತಿರ್ತೀನಿ ಅಷ್ಟೇ ಎಂದು ವಾದಿಸಿದಳು. ತಡೆಯಲಾಗದೆ, ಎರಡನೇ ಸೂಜಿಯ ರಿಪೋರ್ಟು ಬಂದ ಮೇಲೆ ಒಂದು ದಿನ ನಾನು ರಜೆ ಹಾಕಿ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಅವತ್ತು ಲಗ್ಗೆರೆಯಿಂದ ಬರುತ್ತಿದ್ದ ಹೊಸ ಶಿಷ್ಯೆ ಗಾಡಿ ಓಡಿಸುತ್ತಿದ್ದಳು. ನಾನು ರಸ್ತೆ ನೋಡಲಿಲ್ಲ. ಪಕ್ಕದ ಕನ್ನಡಿಯಲ್ಲಿ ಕಾಣುತ್ತಿದ್ದ ಅಕ್ಕನ ಕೆನ್ನೆಯನ್ನೇ ನೋಡುತ್ತಿದ್ದೆ. ಬಿಳಿಚಿತೇ, ಬೆವರಿತೇ, ಕಣ್ಣು ಮುಚ್ಚಿದಳೇ. ಸ್ಪೀಡ್ ಬ್ರೇಕರಿನಲ್ಲಿ ಗಾಡಿ ಕುಲುಕಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡಳು. ನಾನು ನಿಲ್ಲಿಸಿ ಎಂದು ಕೂಗಿಬಿಟ್ಟೆ. ಹುಡುಗಿ ಹೆದರಿ ಬ್ರೇಕು ಒತ್ತಿದಳು, ಹಿಂದೆ ಬರುತ್ತಿದ್ದ ಸ್ಕೂಟರಿನವನು ಸ್ವಲ್ಪದರಲ್ಲಿ ತಪ್ಪಿಸಿಕೊಂಡು ಹೋದ.

ಶಿಷ್ಯೆಯನ್ನು ಅವಳ ಮನೆ ಹತ್ತಿರ ಇಳಿಸಿ, ಅಕ್ಕ ತಾನೇ ಸ್ಟೀರಿಂಗಿಗೆ ಬಂದು ಕೂತಳು. ಗಾಡಿ ಹೊರಡಿಸಲಿಲ್ಲ.

"ಇನ್ಮೇಲೆ ನೀನು ಬರಬೇಡ ಕಣೇ," ಎಂದಳು.

ನಿನಗೆ ಹೆದರಿಕೆಯೇ ಆಗುವುದಿಲ್ಲವೇ ಎಂದು ಕೇಳಿದೆ. ಬೇಕೆಂದೇ ಒರಟಾಗಿ ಕೇಳಿದೆ.

ಅವಳು ಕನ್ನಡಿ ಸರಿಮಾಡಿಕೊಂಡಳು. "ಹೆದರೋಕೂ ಒಂದು ಹೆಸರು ಬೇಕು ಕಣೇ. ಕ್ಯಾನ್ಸರ್ ಅಂತ ಹೇಳ್ಲಿ, ಕೂತ್ಕೊಂಡು ಅಳ್ತೀನಿ. ಏನೂ ಇಲ್ಲ ಅನ್ಲಿ, ಸುಮ್ನೆ ಇರ್ತೀನಿ. ಇದು ಎರಡೂ ಅಲ್ಲ. ಮನೇಲಿ ಕೂತ್ರೆ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕೂತಿರ್ತೀನಿ. ಗಾಡೀಲಾದ್ರೆ ಕ್ಲಚ್ಚು, ಗೇರು ಅಂತ ಏನಾದ್ರೂ ಹೇಳ್ತಾ ಇರ್ತೀನಿ."

ನಾನು ಹಿಂದಿನಿಂದ ಅವಳ ಭುಜದ ಮೇಲೆ ಕೈ ಇಟ್ಟೆ. ಸೀಟ್ ಬೆಲ್ಟ್ ಹಾಕ್ಕೋ ಎಂದಳು.

ಪೆಟ್ ಸ್ಕ್ಯಾನ್ ಒಂದು ಉಳಿದಿತ್ತು. ರಕ್ತನಾಳಕ್ಕೆ ಸಕ್ಕರೆಯಂಥ ಔಷಧಿ ಕೊಟ್ಟು, ಅದನ್ನು ಮೈಯ ಯಾವ ಭಾಗ ಹೆಚ್ಚು ಹೀರುತ್ತದೆ ಎಂದು ನೋಡುವ ಪರೀಕ್ಷೆ. ಕೆಟ್ಟ ಗಂಟುಗಳು ಹೆಚ್ಚು ಹೀರಿ ಹೊಳೆಯುತ್ತವೆ ಎಂದು ನಾನು ಮೊದಲೇ ಓದಿಕೊಂಡಿದ್ದೆ. ಅಕ್ಕನ ಗಂಟು ಕಾರ್ತಿಕದ ದೀಪದ ಹಾಗೆ ಉರಿಯುತ್ತಿತ್ತು. ಅದನ್ನು ನೋಡಿದ ಮೇಲೆ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಅಕ್ಕನಿಲ್ಲದ ಮನೆಯಲ್ಲಿ ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಬೇಕಿಲ್ಲ ಎಂಬ ಯೋಚನೆ ಬಂದು, ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತೆ.

ಸರ್ಜನ್ ಮತ್ತೆ ಎಲ್ಲವನ್ನೂ ಹರಡಿಕೊಂಡು ಕೂತರು. ತಮ್ಮನೂ ಬಂದಿದ್ದ. ಇಷ್ಟೊಂದು ಪರೀಕ್ಷೆ ಮಾಡಿಯೂ ಗೊತ್ತಾಗುವುದಿಲ್ಲವೆಂದರೆ ಹೇಗೆ ಸಾರ್ ಎಂದು ಅವನು ಕೇಳಿದ. ಅವರಿಗೆ ಸಿಟ್ಟು ಬರಲಿಲ್ಲ. ಹೊಟ್ಟೆಯ ಗೋಡೆಯ ಗಂಟುಗಳು ಹೊರಗಿನಿಂದ ನೋಡಲು ಒಂದರಂತೆ ಇನ್ನೊಂದು ಇರುತ್ತವೆ, ಎಷ್ಟೋ ಸಲ ಹೊರಗೆ ತೆಗೆದ ಮೇಲೆಯೇ ಅವುಗಳ ನಿಜ ತಿಳಿಯುವುದು ಎಂದರು. ಸೂಜಿಯಲ್ಲಿ ಬಂದ ಕಣಗಳ ಆಕಾರ ನೋಡಿದರೆ ಲಿಂಫೋಮಾ ಅಲ್ಲ ಅನಿಸುತ್ತದೆ, ಗೋಡೆಯ ಗಂಟಿರಬೇಕು ಎಂಬುದು ಅವರ ಊಹೆ, ಊಹೆ ಅಷ್ಟೇ. ಇನ್ನೂ ಚುಚ್ಚುತ್ತಾ ಕೂರಬಹುದು, ಆದರೆ ಅದು ರಕ್ತ ಸುರಿಸುತ್ತಿದೆ, ಕಾಯುವುದಕ್ಕೂ ಒಂದು ಮಿತಿಯಿದೆ.

ಅಕ್ಕ ಮುಂದಕ್ಕೆ ಬಾಗಿ ಕೇಳಿದಳು. "ಒಳಗೆ ಹೋದ್ಮೇಲೆ ನೋಡಿದ್ ತಕ್ಷಣ ಗೊತ್ತಾಗತ್ತಾ ಡಾಕ್ಟ್ರೇ?"

"ಇಲ್ಲಮ್ಮ. ಚೂರು ತೆಗೆದು ಆಗಲೇ ಲ್ಯಾಬಿಗೆ ಕಳಿಸ್ತೀವಿ, ಅವರು ಸುಮಾರಾಗಿ ಹೇಳ್ತಾರೆ. ಅದರ ಮೇಲೆ ಎಷ್ಟು ತೆಗೀಬೇಕು ಅಂತ ನಾನು ನಿರ್ಧಾರ ಮಾಡ್ತೀನಿ. ಪೂರ್ತಿ ಹೆಸರು ಆಮೇಲೆ."

"ಅಂದ್ರೆ ನಾನು ಎದ್ದಾಗ ಹೊಟ್ಟೆ ಎಷ್ಟು ಉಳಿದಿರತ್ತೆ ಅಂತ ಈಗ ಹೇಳೋಕಾಗಲ್ಲ."

"ಆಗಲ್ಲ."

ಒಪ್ಪಿಗೆಯ ಕಾಗದದಲ್ಲಿ ಭಾಗಶಃ ಅಥವಾ ಪೂರ್ಣವಾಗಿ ಎಂದಿತ್ತು. ಆ ಅಥವಾ ನನ್ನನ್ನು ಚುಚ್ಚಿತು. ಕೈ ತನ್ನಷ್ಟಕ್ಕೇ ಪೆನ್ನು ಹುಡುಕಿತು. ಅಕ್ಕ ಆ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು, ಓದದೆಯೇ ಸಹಿ ಹಾಕಿದಳು. ಹೊರಗೆ ಬಂದು, ಅವರು ಗೊತ್ತಿಲ್ಲ ಅಂತ ನೇರವಾಗಿ ಹೇಳಿದರಲ್ಲ, ಅದಕ್ಕೆ ಹಾಕಿದೆ ಎಂದಳು.

ಆಪರೇಷನ್ ದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಮತ್ತು ತಮ್ಮ ಕಾರಿಡಾರಿನಲ್ಲಿ ಉಳಿದೆವು. ಅವನು ಕೂತ, ನಾನು ಕೂರಲಿಲ್ಲ. ನಾನು ಕೂತಾಗ ಅವನು ಎದ್ದ. ಹಾಗೆ ಕ್ಯಾಂಟೀನಿಗೂ ಬಾಗಿಲಿಗೂ ನಡುವೆ ಎಷ್ಟು ಸಲ ಓಡಾಡಿದೆವೋ. ಹೊಟ್ಟೆ ಪೂರ್ತಿ ತೆಗೆದವರು ಏನು ತಿನ್ನುತ್ತಾರೆ ಎಂದು ತಮ್ಮ ಕೇಳಿದ. ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ ಎಂದೆ. ಅಕ್ಕನಿಗೆ ಅನ್ನ ಸಾರು ತಟ್ಟೆ ತುಂಬ ಬೇಕು ಎಂದ. ಆಮೇಲೆ ಫೋನು ಬಂದವನಂತೆ ಆಚೆ ಹೋದ.

ಮಧ್ಯಾಹ್ನದ ಹೊತ್ತಿಗೆ ಸರ್ಜನ್ ಹಸಿರು ಟೋಪಿಯಲ್ಲೇ ಬಾಗಿಲಿಗೆ ಬಂದರು. ಲ್ಯಾಬಿನವರು ನೋಡಿದ್ದಾರೆ, ಸಾಮಾನ್ಯ ಕ್ಯಾನ್ಸರ್ ಅಲ್ಲ, ಲಿಂಫೋಮಾನೂ ಅಲ್ಲ, ಗೋಡೆಯ ಗಂಟೇ. ಅದನ್ನು ಮಾತ್ರ ತೆಗೆದಿದ್ದೇವೆ, ಊದಿದ್ದ ಕೆಲವು ಗ್ರಂಥಿಗಳನ್ನೂ ಪರೀಕ್ಷೆಗೆ ತೆಗೆದುಕೊಂಡಿದ್ದೇವೆ, ಹೊಟ್ಟೆ ಬಹುಪಾಲು ಉಳಿದಿದೆ ಎಂದರು. ತಮ್ಮ ಕೈ ಮುಗಿದ. ಕೆಟ್ಟದ್ದೋ ಒಳ್ಳೆಯದೋ ಎಂದು ನಾನು ಕೇಳಿದೆ. ಅದನ್ನು ಇನ್ನೂ ಹೇಳಲಾಗದು ಎಂದರು. ಅವರ ಮುಖ ದಣಿದಿತ್ತು.

ಅಕ್ಕನಿಗೆ ಎಚ್ಚರವಾದಾಗ ಮೊದಲು ಕೇಳಿದ್ದು, ಎಷ್ಟಿದೆ ಎಂದು. ಬಹುಪಾಲು ಇದೆ ಎಂದೆ. ಕಣ್ಣು ಮುಚ್ಚಿಕೊಂಡಳು. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಅಷ್ಟೂ ದಿನಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ ಒಂದೇ ಸಲ.

ಮನೆಗೆ ಬಂದಳು. ಗಂಜಿಯಿಂದ ಮೆತ್ತನೆಯ ಅನ್ನಕ್ಕೆ ಬಂದಳು. ಹೆಸರು ಮಾತ್ರ ಬರಲಿಲ್ಲ. ಮೊದಲ ರಿಪೋರ್ಟಿನಲ್ಲಿ ಚೂರಿಗೆ ಬೇರೆ ಬೇರೆ ಬಣ್ಣ ಹಾಕಿ ನೋಡುವ ಇನ್ನೂ ಕೆಲವು ಪರೀಕ್ಷೆಗಳು ಬೇಕು ಎಂದಿತ್ತು. ಗೋಡೆಯ ಗಂಟುಗಳಲ್ಲೂ ಸಾಧು ಜಾತಿ ಇದೆ, ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ ಜಾತಿಯೂ ಇದೆ. ಯಾವ ಬಣ್ಣ ಹಿಡಿಯುತ್ತದೆ ಎಂಬುದರ ಮೇಲೆ ತೀರ್ಮಾನ. ಆಪರೇಷನ್‌ಗೆ ಮುಂಚಿನ ದಿನಗಳಿಗಿಂತ ಈ ದಿನಗಳೇ ನನಗೆ ಕಷ್ಟವಾದವು. ಗಂಟು ಅಕ್ಕನ ಒಳಗಿಲ್ಲ, ಎಲ್ಲಿಯೋ ಒಂದು ಲ್ಯಾಬಿನ ಗಾಜಿನ ಮೇಲೆ ತೆಳ್ಳಗೆ ಕೂತಿದೆ, ಆದರೂ ನಮ್ಮನ್ನು ಬಿಟ್ಟಿಲ್ಲ. ಫೋನು ಬಂದಾಗಲೆಲ್ಲ ಆಸ್ಪತ್ರೆಯ ನಂಬರೇ ಎಂದು ಓಡಿಹೋಗಿ ನೋಡುತ್ತಿದ್ದೆ.

ಕೊನೆಗೆ ಕರೆದರು. ಸರ್ಜನ್ ಮುಗುಳ್ನಗುತ್ತಿದ್ದರು. ಅದು ಹೊಟ್ಟೆಯ ಗೋಡೆಯೊಳಗಿನ ನರದ ಹೊದಿಕೆಯಿಂದ ಬೆಳೆದ ಗಂಟು. ಹೊಟ್ಟೆಯಲ್ಲಿ ಅಪರೂಪ, ಸಾಧು ಸ್ವಭಾವದ್ದು, ಪೂರ್ತಿ ಬಂದಿದೆ. ಗ್ರಂಥಿಗಳಲ್ಲಿ ಏನೂ ಇಲ್ಲ, ಸುಮ್ಮನೆ ಊದಿಕೊಂಡಿದ್ದವು. ಹಾಗಾದರೆ ಸ್ಕ್ಯಾನಿನಲ್ಲಿ ಅಷ್ಟು ಹೊಳೆದದ್ದೇಕೆ ಎಂದು ನಾನು ಕೇಳಿದೆ. ಈ ಗಂಟು ಸಾಧುವಾದರೂ ಹಾಗೆ ಹೊಳೆಯುತ್ತದೆ, ನಮಗೆ ಮೋಸ ಮಾಡುತ್ತದೆ ಎಂದರು. ಇದನ್ನು ಹಾಗೇ ಬಿಟ್ಟಿದ್ದರೆ ಆಗುತ್ತಿತ್ತೇ ಎಂದು ತಮ್ಮ ಕೇಳಿದ್ದಕ್ಕೆ, ರಕ್ತ ಸುರಿಸುತ್ತಿತ್ತಲ್ಲ, ತೆಗೆಯಲೇಬೇಕಿತ್ತು ಎಂದರು.

ಸಂತೋಷ ಉಕ್ಕಬೇಕಿತ್ತು. ನನಗೆ ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಗೊತ್ತಿಲ್ಲ. ಯಾರೂ ತಪ್ಪು ಮಾಡಿರಲಿಲ್ಲ, ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಪಾರ್ಕಿಂಗಿನಲ್ಲಿ ನಿಂತು ತಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವನು ಬೈಸಿಕೊಂಡ. ಅಕ್ಕ ಮುಂದಿನ ಸೀಟಿನಲ್ಲಿ ಕೂತು, ನರದ ಹೊದಿಕೆ, ನರದ ಹೊದಿಕೆ ಎಂದು ಎರಡು ಮೂರು ಸಲ ತನಗೆ ತಾನೇ ಹೇಳಿಕೊಂಡಳು.

ಆಮೇಲೆ ನೋಡಲು ಬಂದವರಿಗೆಲ್ಲ ಅವಳೇ ವಿವರಿಸಿದಳು. ನರದ ಗಂಟು ಎಂದರೆ ಸಾಕು, ಅವರೆಲ್ಲ ನರ ಗಂಟು ಹಾಕಿಕೊಂಡಿದೆ ಎಂದೇ ತಿಳಿದು ಎಣ್ಣೆ ಹಚ್ಚಿಸಿಕೊಳ್ಳಲು ಹೇಳಿ ಹೋಗುತ್ತಿದ್ದರು. ಅಕ್ಕ ತಿದ್ದಲಿಲ್ಲ. ಕ್ಲಾಸುಗಳು ಮತ್ತೆ ಶುರುವಾದವು. ವರ್ಷದ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬಂತು, ಮುಂದಿನ ವರ್ಷವೂ ಹಾಗೆಯೇ. ಹಿಂದಿನ ದಿನ ನಿದ್ದೆ ಬರದಿರುವುದು ನನಗೆ, ಅವಳಿಗಲ್ಲ.

ಈಚೆಗೆ ಕೆಲವು ವಾರಗಳಿಂದ ಊಟವಾದ ಮೇಲೆ ನನ್ನ ಎದೆಗೂಡಿನ ಕೆಳಗೆ ಉರಿಯುತ್ತದೆ. ಆಸಿಡಿಟಿ ಎಂದುಕೊಂಡು ಮಾತ್ರೆ ನುಂಗುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಅಕ್ಕ ಅದು ಹೇಗೆ ಗಮನಿಸಿದಳೋ, ನನ್ನನ್ನು ಕೇಳದೆಯೇ ಆ ಚಿಕ್ಕ ಡಾಕ್ಟರ ಹತ್ತಿರ ಎಂಡೋಸ್ಕೋಪಿಗೆ ಹೆಸರು ಬರೆಸಿ ಬಂದಿದ್ದಾಳೆ. ಏನೂ ಇರಲ್ಲ ಬಿಡು, ಸುಮ್ಮನೆ ಯಾಕೆ ಎಂದೆ.

"ಏನೂ ಇಲ್ಲ ಅಂತ ಅವರು ಹೇಳ್ಲಿ," ಎಂದಳು.

ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಅಕ್ಕ ಬೇಗ ಊಟ ಮುಗಿಸು ಎಂದು ಅಡುಗೆಮನೆಯಿಂದ ಕರೆಯುತ್ತಿದ್ದಾಳೆ.